ಆಸ್ಟಿನ್ ಗಾಡಿ ಹುಟ್ಟಿದ ವರ್ಷ

ಹೈದರಾಬಾದಿನಲ್ಲಿ ಯಾರ ಷೆಡ್ಡಿನಲ್ಲಾಗಲಿ, ಯಾರ ಹಿತ್ತಿಲ ಬೇವಿನ ಮರದ ಕೆಳಗಾಗಲಿ ಹಳೆಯ ಮೋಟಾರು ಸಿಕ್ಕರೆ, ‘ನಾರಾಯಣಗೂಡದಾಗ ವೈಜನಾಥ ಅಂತ ಇದ್ದಾರ, ಅವರಿಗೆ ತೋರಸ್ರಿ’ ಎನ್ನುವವರು ಇನ್ನೂ ಇದ್ದರು. ಬೀದರಿನ ಕಡೆಯಿಂದ ಹದಿನೇಳಕ್ಕೆ ಬಂದು ಸಿಕಂದರಾಬಾದಿನ ರಾಣಿಗಂಜಿನಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಸೇರಿದ ವೈಜನಾಥ ನಲವತ್ತೊಂದು ವರ್ಷ ಅದೇ ಕೌಂಟರಿನ ಹಿಂದೆ ನಿಂತವನು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಕೆಲವು ವರ್ಷ ಇಂಗ್ಲೆಂಡು ತನ್ನ ಜನರನ್ನು ಸರದಿಯಲ್ಲಿ ಕಾಯಲು ಬಿಟ್ಟು, ತಯಾರಾದ ಗಾಡಿಗಳಲ್ಲಿ ಬಹುಪಾಲನ್ನು ಹೊರದೇಶಗಳಿಗೆ ಹಡಗು ಹತ್ತಿಸುತ್ತಿತ್ತು. ಹಾಗೆ ಬೊಂಬಾಯಿಯಲ್ಲೂ ಮದ್ರಾಸಿನಲ್ಲೂ ಇಳಿದ ಗಾಡಿಗಳನ್ನು ಅವನು ದೂರದಿಂದಲೇ ಗುರುತಿಸುತ್ತಿದ್ದ.

ಆರ್‌ಸಿ ಪುಸ್ತಕವನ್ನು ಅವನು ಎಂದೂ ನಂಬಿದವನಲ್ಲ. ಗಾಡಿ ಕಾರ್ಖಾನೆ ಬಿಟ್ಟ ವರ್ಷ ಒಂದಿರುತ್ತದೆ, ಗುಮಾಸ್ತ ಬರೆದ ವರ್ಷ ಇನ್ನೊಂದಿರುತ್ತದೆ. ಡೈನಮೋದ ಮೈಯನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ತಿಂಗಳು, ವರ್ಷದ ಅಚ್ಚು ಕಾಣುತ್ತದೆ. ವೈಪರ್ ಮೋಟಾರಿನ ಮೇಲೂ ಇರುತ್ತದೆ. ಬಾಗಿಲ ಗಾಜಿನ ಮೂಲೆಯಲ್ಲಿ ತಯಾರಕರ ಹೆಸರಿನ ಅಕ್ಷರಗಳ ಕೆಳಗೆ ಸಣ್ಣ ಚುಕ್ಕೆಗಳಿರುತ್ತವೆ, ಅವೂ ವರ್ಷ ಹೇಳುತ್ತವೆ. ಮೂರೂ ಒಂದೇ ಮಾತು ಹೇಳಿದರೆ ಗಾಡಿಯ ಹುಟ್ಟು ಗೊತ್ತಾದಂತೆ.

ಅವನಿಗೆ ಎಪ್ಪತ್ತೆರಡು ತುಂಬಿದ ವರ್ಷ, ಮಗಳು ರಶ್ಮಿಯ ಇಮೇಲಿಗೆ ಇಂಗ್ಲೆಂಡಿನಿಂದ ಒಂದು ಪತ್ರ ಬಂತು. ರಶ್ಮಿ ಮನೆಯ ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು. ತಂದೆಯ ಇಂಗ್ಲಿಷ್ ಪತ್ರವ್ಯವಹಾರವೆಲ್ಲ ಅವಳ ಕೈಯಲ್ಲೇ ಆಗಬೇಕು.

“ಅಪ್ಪಾ, ಹಳೇ ಆಸ್ಟಿನ್ ಗಾಡಿಗಳ ಕ್ಲಬ್ಬಂತ. ಉಳಿದ ಗಾಡಿಗಳ ದಾಖಲೆ ಇಡೋ ಹೆಣ್ಮಗಳೊಬ್ರು ಬರದಾರ. ಹೈದರಾಬಾದಿನಿಂದ ಅಲ್ಲಿಗೆ ಹೋದ ಒಂದು ಗಾಡಿ ಈಗ ರಿಪೇರಿ ಮಾಡಾಕತ್ತಾರಂತ. ಕಾಗದಪತ್ರದಾಗ ನಿಮ್ಮ ಸಹಿಯ ಚೀಟಿ ಐತಂತ. ನೀವು ೧೯೫೧ರ ಗಾಡಿ ಅಂತ ಬರದೀರಿ. ಆದ್ರ ಡೈನಮೋ ಮ್ಯಾಲೆ ೧೯೪೮ರ ಮಾರ್ಚ್ ಐತಂತ. ಹೆಂಗ ಅಂತ ಕೇಳ್ಯಾರ. ಗಾಡಿ ಮೊದಲಿದ್ದ ಮನೆಯವರ ಹತ್ತರ ಹಳೇ ಕಾಗದ ಇದ್ರ ಬೇಕಂತ.”

ವೈಜನಾಥ ಊಟದ ತಟ್ಟೆ ಸರಿಸಿ ಎದ್ದು ಹೋಗಿ ಮಲಗಿದ.

ಆ ಅಚ್ಚನ್ನು ಮೊದಲು ಒರೆಸಿ ಓದಿದವನು ಅವನೇ. ೧೯೯೬ರ ಮಾತು. ಬೇಗಂಪೇಟೆಯ ಡಾಕ್ಟರ್ ಚಂದ್ರಕಾಂತ ತೀರಿಕೊಂಡ ಮೇಲೆ ಮಗಳು ಅಹಲ್ಯಾಬಾಯಿ ಮನೆ ಕೆಡವಿ ಫ್ಲ್ಯಾಟು ಕಟ್ಟಿಸಲು ಕೊಟ್ಟಿದ್ದರು. ಷೆಡ್ಡಿನಲ್ಲಿದ್ದ ಆಸ್ಟಿನ್ನನ್ನು ದಲ್ಲಾಳಿ ಸೂರ್ಯಕಾಂತ ಕೊಂಡ. ಅವನ ಗಿರಾಕಿ ಇದ್ದದ್ದು ಇಂಗ್ಲೆಂಡಿನಲ್ಲಿ. ಐವತ್ತನೇ ಇಸವಿಗೆ ಮೊದಲು ತಯಾರಾದ ಗಾಡಿ ದೇಶ ಬಿಟ್ಟು ಹೋಗದಂತೆ ಸರ್ಕಾರದ ತಡೆ ಇತ್ತು. ಗಾಡಿಯ ಆರ್‌ಸಿ ಪುಸ್ತಕದಲ್ಲಿ ಹೇಗೂ ೧೯೫೧ ಎಂದಿತ್ತು. ಬಲ್ಲವನೊಬ್ಬ ಅದನ್ನೇ ಬರೆದು ಸಹಿ ಹಾಕಿದರೆ ಸಾಕಾಗಿತ್ತು.

ವೈಜನಾಥ ಎರಡು ದಿನವೂ ಆಗುವುದಿಲ್ಲ ಎಂದ. ಸೂರ್ಯಕಾಂತ ಬೆಳಿಗ್ಗೆ, ಸಂಜೆ ಬಂದು ಕೌಂಟರಿಗೆ ಆತು ನಿಂತ. ಅಂಗಡಿಯ ಮಾಲೀಕ, “ಬರದು ಕೊಟ್ಟು ಕಳಸಪ್ಪಾ, ಗಿರಾಕಿಗಳಿಗೆ ನಿಲ್ಲಾಕ ಜಾಗ ಇಲ್ಲ” ಎಂದ. ಮೂರನೆಯ ದಿನ ವೈಜನಾಥನಿಗೆ ಸಾಕಾಗಿತ್ತು. ಆಸೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ, ಬರೀ ಸಾಕಾಗಿತ್ತು. ಬರೆದು ಕೊಟ್ಟ. ಗಾಡಿಯನ್ನು ಲಾರಿಗೆ ಏರಿಸುವ ದಿನ ಅಹಲ್ಯಾಬಾಯಿ ಎಲ್ಲಿಗೆ ಹೋಗುತ್ತದೆಂದು ಕೇಳಿದಾಗ ಸೂರ್ಯಕಾಂತ, “ಪುಣೆದ ಮ್ಯೂಸಿಯಂಗ್ರಿ” ಎಂದ. ಪಕ್ಕದಲ್ಲೇ ನಿಂತಿದ್ದ ವೈಜನಾಥ ಬಾಯಿ ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಸೂರ್ಯಕಾಂತ ಅಂಥದೇ ಚೀಟಿಗಾಗಿ ಮತ್ತೆ ಕೆಲವು ಸಲ ಬಂದ. ಮೊದಲನೆಯದಕ್ಕೆ ಮೂರು ದಿನ ಹಿಡಿದಿತ್ತು, ಉಳಿದವಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಈಗ ಸೂರ್ಯಕಾಂತ ಸತ್ತು ಆರು ವರ್ಷ. ದೂರಲು ಕೂಡ ಯಾರೂ ಉಳಿದಿರಲಿಲ್ಲ.

ಹನ್ನೊಂದು ದಿನ ಕಳೆಯಿತು. ರಶ್ಮಿ ಎರಡು ಸಲ ನೆನಪಿಸಿದಳು. ಮೂರನೆಯ ಸಲ ಅವನೇ ಎಲ್ಲವನ್ನೂ ಹೇಳಿಬಿಟ್ಟ. ಅವಳು ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಮಂಚದ ಮೇಲಿಟ್ಟು ಅವನೆದುರು ಕೂತಳು.

“ಈಗ ಏನಂತ ಬರೀಲ್ರಿ?”

“ತಡಿ. ಮೊದಲು ಬೇಗಂಪೇಟಿಗೆ ಹೋಗಿ ಬರತೀನಿ.”

ಮೆಟ್ರೋ ಇಳಿದು, ನಿಲ್ದಾಣದ ಮೆಟ್ಟಿಲಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಡಾಕ್ಟರರ ಮನೆಯಿದ್ದ ಜಾಗದ ಅಪಾರ್ಟ್‌ಮೆಂಟಿಗೆ ಹೋದ. ಅಹಲ್ಯಾಬಾಯಿ ಎರಡನೇ ಮಹಡಿಯಲ್ಲಿದ್ದರು. ವಯಸ್ಸು ಎಂಬತ್ತರ ಹತ್ತಿರ. ಬಾಗಿಲು ತೆಗೆದ ತಕ್ಷಣ ಗುರುತು ಹಿಡಿದರು.

“ವೈಜನಾಥರಾವ್ ಅಲ್ಲೇನ್ರಿ? ಅಪ್ಪನ ಗಾಡಿ ನೋಡಾಕ ಬರತಿದ್ರಿ. ಬರ್ರಿ, ಕೂಡ್ರಿ.”

ಚಹಾ ಬರುವವರೆಗೂ ಕಾಯುವ ಶಕ್ತಿ ಅವನಲ್ಲಿರಲಿಲ್ಲ. ಕೂತವನೇ ಹೇಳಿದ. ಗಾಡಿ ಪುಣೆಗೆ ಹೋಗಲಿಲ್ಲ, ಇಂಗ್ಲೆಂಡಿಗೆ ಹೋಯಿತು. ಹೋಗುವುದಕ್ಕೆ ಸುಳ್ಳು ವರ್ಷ ಬರೆದುಕೊಟ್ಟವನು ತಾನು. ಪುಣೆ ಎನ್ನುವ ಮಾತು ಸುಳ್ಳೆಂದು ಆವತ್ತೇ ತನಗೆ ಗೊತ್ತಿತ್ತು.

ಅಹಲ್ಯಾಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. ಆಮೇಲೆ ನಿಧಾನವಾಗಿ ಅಂದರು: “ನಾ ಪುಣೆಕ್ಕ ಎರಡು ಸಲ ಹೋಗಿದ್ದೆರಿ. ತಂಗಿ ಮಗಳ ಮದುವಿಗೆ ಒಮ್ಮೆ. ಇನ್ನೊಮ್ಮೆ ಬರೀ ಗಾಡಿ ನೋಡಾಕಂತನ. ಆಟೋದವ ಅಂಥಾ ಮ್ಯೂಸಿಯಂ ಇಲ್ಲ ಅಂದ. ನಾನ ಹೆಸರು ತಪ್ಪು ತಿಳಕೊಂಡೀನಿ ಅಂತ ಮಾಡಿ, ಸುತ್ತಿ ಸುತ್ತಿ ವಾಪಸ್ ಬಂದೆ.”

ತಪ್ಪಾಯಿತು ಎನ್ನುವ ಮಾತು ವೈಜನಾಥನ ನಾಲಿಗೆಗೆ ಬಂದರೂ ತೀರ ಹಗುರವೆನಿಸಿ ನುಂಗಿದ.

ಅವರೇ ಎದ್ದು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಬೊಂಬಾಯಿಯ ಏಜೆಂಟರು ಡಾಕ್ಟರರಿಗೆ ಬರೆದ ಕಾಗದವಿತ್ತು. ೧೯೪೮ರ ಜೂನಿನದು, ಗಾಡಿ ಹಡಗಿನಿಂದ ಇಳಿದಿದೆ ಎಂದು. ಆದರೆ ಆಗ ನಿಜಾಮರ ರಾಜ್ಯದ ಗಡಿಯಲ್ಲಿ ಸಾಮಾನಿನ ಓಡಾಟ ಕಟ್ಟಾಗಿತ್ತು. ಗಾಡಿ ಗೋದಾಮಿನಲ್ಲೇ ಉಳಿಯಿತು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ, ಮುಂದಿನ ಜನವರಿಯಲ್ಲಿ ಡಾಕ್ಟರರೇ ಹೋಗಿ ಮೂರು ದಿನ ಓಡಿಸಿಕೊಂಡು ಬಂದರು.

“ನಾ ನಾಕು ವರ್ಷದಾಕಿ. ಗೇಟಿನಾಗ ಗಾಡಿ ಬಂದು ನಿಂತಾಗ ಅದರ ಬಣ್ಣನ ಕಾಣತಿದ್ದಿಲ್ರಿ, ಅಷ್ಟು ಧೂಳು. ಮದಲಿನ ಆರ್‌ಸಿ ಪುಸ್ತಕ ಗೆದ್ದಲು ತಿಂತು. ಐವತ್ತೊಂದರಾಗ ಹೊಸಾದು ಮಾಡಿಸಿದ್ರು. ಆ ಗುಮಾಸ್ತ ಅದ ವರ್ಷ ಬರದ.”

ವೈಜನಾಥ ಕಾಗದವನ್ನು ಕೈಗೆತ್ತಿಕೊಳ್ಳಲು ಹೋದ. ಅಹಲ್ಯಾಬಾಯಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಇಲ್ಲೇ ಫೋಟೋ ತಗೋರಿ. ಇದನ್ನ ಯಾರಿಗೂ ಕೊಡಂಗಿಲ್ಲ.” ಅವನು ಫೋಟೋ ತೆಗೆಯುವಾಗ ಮತ್ತೆ ಅಂದರು: “ಬರೀರಿ ಅವರಿಗೆ. ನಮ್ಮಪ್ಪನ ಹೆಸರು ಸರಿಯಾಗಿ ಬರೀರಿ. ನಿಮ್ಮದೂ ಬರೀರಿ.”

ಚಹಾ ತಣ್ಣಗಾಗಿತ್ತು. ಅದನ್ನೇ ಕುಡಿದು ಎದ್ದ. ಅವರು ಬಾಗಿಲವರೆಗೆ ಬಂದರು, ಮತ್ತೆ ಬರ್ರಿ ಎನ್ನಲಿಲ್ಲ.

ಮರುದಿನ ಅವನು ಹೇಳುತ್ತ ಹೋದ, ರಶ್ಮಿ ಬರೆದಳು. ಒಂದು ಕಡೆ ಅವಳು ‘ಕಣ್ತಪ್ಪಿನಿಂದ’ ಎಂದು ಸೇರಿಸಿದ್ದಳು. ವೈಜನಾಥ ಓದಿಸಿ ಕೇಳಿ ಅದನ್ನು ತೆಗೆಸಿದ. “ಕಣ್ಣು ಸರಿ ಇದ್ದುವು. ಗೊತ್ತಿದ್ದೂ ಬರದೀನಿ ಅಂತ ಹಾಕು.”

“ಮುಂದ ಏನರ ತ್ರಾಸ ಆದ್ರ?”

“ಆಗಲಿ ಬಿಡವ್ವ.”

ಒಂದು ವಾರಕ್ಕೆ ಉತ್ತರ ಬಂತು. ಬೈಗುಳವಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ದಾಖಲೆ ತಿದ್ದಿದ್ದರು: ಗಾಡಿ ತಯಾರಾದದ್ದು ೧೯೪೮ರಲ್ಲಿ, ಬೊಂಬಾಯಿಗೆ ಬಂದದ್ದು ಅದೇ ಜೂನಿನಲ್ಲಿ, ಮೊದಲ ಮಾಲೀಕರು ಹೈದರಾಬಾದಿನ ಡಾಕ್ಟರ್ ಚಂದ್ರಕಾಂತ. ಅದರ ಕೆಳಗೆ, ವೈಜನಾಥನ ಹೆಸರಿನ ಚೀಟಿ ಸುಳ್ಳೆಂದು ಬರೆದವರೇ ಒಪ್ಪಿದ್ದಾರೆ ಎಂಬ ಒಂದು ಸಾಲು. ರಶ್ಮಿ ಅದರ ಪ್ರಿಂಟು ತೆಗೆಸಿ ಅಹಲ್ಯಾಬಾಯಿಗೆ ಅಂಚೆಯಲ್ಲಿ ಕಳಿಸಿದಳು. ಅತ್ತಲಿಂದ ಏನೂ ಬರಲಿಲ್ಲ.

ಇಂಗ್ಲೆಂಡಿನ ಆ ಪತ್ರದ ಜೊತೆಗೆ ಇನ್ನೊಂದು ಹಾಳೆ ಬಂದಿತ್ತು. ಹೈದರಾಬಾದಿನಿಂದ ಹೋದ ಬೇರೆ ಒಂಬತ್ತು ಗಾಡಿಗಳ ಪಟ್ಟಿ. ಇವುಗಳಲ್ಲಿ ಯಾವುದಾದರೂ ಗೊತ್ತೇ ಎಂದು ಕೇಳಿದ್ದರು. ವೈಜನಾಥ ಕನ್ನಡಕ ಹಾಕಿಕೊಂಡು ಚಾಸಿ ನಂಬರುಗಳ ಮೇಲೆ ಬೆರಳಾಡಿಸಿದ. ಒಂಬತ್ತರಲ್ಲಿ ನಾಲ್ಕು ಅವನ ಸಹಿಯಿಂದಲೇ ಹೋಗಿದ್ದವು. ಒಂದರ ಹಳೆಯ ಮಾಲೀಕರ ಮನೆ ನಾಂಪಲ್ಲಿಯಲ್ಲಿತ್ತು. ಉಳಿದ ಮೂರರ ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ.

“ಇವತ್ತ ಹೋಗೂದು ಬ್ಯಾಡ್ರಿ ಅಪ್ಪಾ. ಭಾಳ ದಣದೀರಿ,” ಎಂದಳು ರಶ್ಮಿ.

ದಣಿದದ್ದೇನೋ ನಿಜ. ಕಾಲು ಎಳೆಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅವನು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತ. ಆಮೇಲೆ ಚಪ್ಪಲಿ ಎಲ್ಲಿವೆ ಎಂದು ಕೇಳಿ, ನಾಂಪಲ್ಲಿಯ ಬಸ್ಸು ಹಿಡಿಯಲು ಹೊರಟ.