ಬೋರಲು ಹಾಕಿದ ಕಲ್ಲು

ಅಮ್ಮಾ, ನಿಮ್ಮ ತಂದೆಯ ಗೋರಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ. ಹುಣಸೂರಿನ ನನ್ನ ಚಪ್ಪಲಿ ಅಂಗಡಿಗೆ ನೀವು ಬಂದ ದಿನ, ಆ ಗೋರಿಯ ಕಲ್ಲು ನಮ್ಮಿಬ್ಬರ ನಡುವೆಯೇ ಬಿದ್ದಿತ್ತು — ಬೋರಲಾಗಿ, ಹೆಸರು ಕೆಳಗಾಗಿ. ಚಪ್ಪಲಿಯ ಅಟ್ಟೆಯನ್ನು ನಾನು ಬಡಿಯುತ್ತಿದ್ದುದು ಅದರ ಮೇಲೇ.

ನೀವು ಅವರ ಮುಖ ನೋಡಿದವರಲ್ಲ. ಅವರು ಯುದ್ಧಕ್ಕೆಂದು ವಿಲಾಯಿತಿಯಿಂದ ಹಡಗು ಹತ್ತಿದ ಮೇಲೆ ನೀವು ಹುಟ್ಟಿದಿರಂತೆ. ನಿಮ್ಮ ಜೊತೆ ಬಂದಿದ್ದ ಮೈಸೂರಿನ ಹುಡುಗಿ ನಿಮ್ಮ ಮಾತನ್ನು ಕನ್ನಡದಲ್ಲಿ ಹೇಳಿದಳು. ಈ ಕಾಗದವನ್ನೂ ಅವಳೇ ನಿಮಗೆ ಓದಿ ಹೇಳಲಿ. ನಾನೂ ಅವರನ್ನು ಕಂಡವನಲ್ಲ. ಆದರೆ ನನ್ನ ದಾದಾ, ಎಂದರೆ ನಮ್ಮ ತಂದೆಯ ತಂದೆ, ಅವರ ಕೆಳಗೆ ಮೇಸ್ತ್ರಿಯಾಗಿದ್ದವರು. ದಾದಾ ಹೇಳಿ ಹೇಳಿ, ನನಗೆ ನಿಮ್ಮ ತಂದೆಯ ಕೆಮ್ಮು ಕೂಡ ಗೊತ್ತು.

ಸೈನ್ಯಕ್ಕೆ ಬೂಟು ಮಾಡಿಸಲು ಬಂದ ಅಧಿಕಾರಿ. ಕೋಪ ಮೂಗಿನ ತುದಿಯಲ್ಲೇ. ಹೊಲಿದ ಬೂಟುಗಳಿಗೆಲ್ಲ ನೀರು ತುಂಬಿಸಿ ಮೋಟುಗೋಡೆಯ ಮೇಲೆ ಸಾಲಾಗಿ ಇಡಿಸುತ್ತಿದ್ದರು. ಕೆಳಗೆ ಒಂದಿಷ್ಟು ಒದ್ದೆ ಕಂಡರೂ ಮುಗಿಯಿತು, ಬೂಟು ಬೀದಿಗೆ ಹಾರುತ್ತಿತ್ತು. ಬೈಗುಳವೂ ನಮ್ಮವರಿಂದಲೇ ಕಲಿತ ಕನ್ನಡದಲ್ಲಿ! "ಇದ ಆಕ್ಕಂಡು ಕೆಸ್ರಲ್ಲಿ ನಿಲ್ಲೋನು ನಿನ್ ಮಗ ಅನ್ಕಂಡು ದಾರ ಎಳೀಲಾ!" ದಾದಾ ಇದನ್ನು ನಗುತ್ತಲೇ ಹೇಳುತ್ತಿದ್ದರು. "ಬೈದ್ರೂ ಸರ್ಯಾಗೇ ಬೈತಿದ್ರು ಕಣ್ಲಾ," ಎನ್ನುತ್ತಿದ್ದರು.

ಹಾಗಿರುವಾಗ ನಮ್ಮ ಬೀದಿಗೆ ಕಾಲರಾ ಬಂತು. ಮೈಸೂರಿಗೆ ಹೊರಟು ಬನ್ನಿ ಎಂದು ಮೇಲಿನವರ ಅಪ್ಪಣೆಯಾಯಿತು. ಅವರು ಹೋಗಲಿಲ್ಲ. ಬೂಟಿನ ಕೆಲಸ ನಿಲ್ಲಿಸಿ, ಚರ್ಮ ಹದ ಮಾಡಲು ಮರದ ತೊಗಟೆ ಕುದಿಸುತ್ತಿದ್ದ ದೊಡ್ಡ ಹಂಡೆಗಳನ್ನು ಉಜ್ಜಿಸಿ, ಬೀದಿಗೆಲ್ಲ ಕುಡಿಯುವ ನೀರು ಕಾಯಿಸಿದರು. ಯುದ್ಧದ ಕಾಲದಲ್ಲಿ ಬೂಟು ನಿಲ್ಲಿಸುವುದೆಂದರೆ — ಎಂಥ ಗುಂಡಿಗೆ ಅಮ್ಮಾ! ನಮ್ಮಪ್ಪ ಆಗ ಹಸುಗೂಸು. ಕಾಯಿಲೆ ಬಿದ್ದಿದ್ದ ಆ ಕೂಸಿಗೆ ಚಮಚದಲ್ಲಿ ನೀರು ಕುಡಿಸಿದ್ದು ನಿಮ್ಮ ತಂದೆಯೇ. ಅಪ್ಪ ಉಳಿದರು. ಅವರು ಉಳಿಯಲಿಲ್ಲ. ಪಾದ್ರಿ ಬರುವಂತಿರಲಿಲ್ಲ; ನಮ್ಮವರೇ ಹೆಗಲು ಕೊಟ್ಟು, ನಮ್ಮ ಹಿತ್ತಲ ಬೇವಿನ ಮರದಡಿ ಮಣ್ಣು ಮಾಡಿ, ಹೆಸರು ಕೆತ್ತಿಸಿದ ಕಲ್ಲು ನೆಟ್ಟರು.

ಶಬ್-ಎ-ಬರಾತ್ ಬಂದಾಗ ನಾವು ಹಿರಿಯರ ಗೋರಿಗಳಿಗೆ ಸುಣ್ಣ ಬಳಿದು ಹೂವಿಡುತ್ತೇವೆ. ದಾದಾ ಪ್ರತಿ ಸಲವೂ ಬಕೆಟ್ಟಿನಲ್ಲಿ ಸಾಹೇಬರ ಪಾಲಿನ ಸುಣ್ಣ ಉಳಿಸಿಕೊಂಡು ಬರುತ್ತಿದ್ದರು. "ಅವರ್ಗೆ ನಮ್ ಬುಟ್ರೆ ಇನ್ಯಾರವ್ರೆ?" ದಾದಾನ ನಂತರ ಅಪ್ಪ ಬಳಿದರು. ಅಪ್ಪನ ನಂತರ ನಾನು.

ಆಮೇಲೆ ನಾನು ಹಿತ್ತಲು ಮಾರಿದೆ.

ಗೋರಿ ಇರುವ ಜಾಗವನ್ನು ಯಾರು ಕೊಳ್ಳುತ್ತಾರೆ? ಕಟ್ಟೆಮಳಲವಾಡಿಯ ಗೌಡರು ಜಾಗ ನೋಡಲು ಬರುವ ಮುಂಚೆ ಕಲ್ಲನ್ನು ಕಿತ್ತು ಅಂಗಡಿಗೆ ಸಾಗಿಸಿದೆ. ಗೌಡರ ಕಣ್ಣಿಗೆ ಮಣ್ಣೆರಚಿದೆ. ಬಡಿಯುವ ನನ್ನ ಹಳೆಯ ಕಲ್ಲು ಸೀಳು ಬಿಟ್ಟಿತ್ತು, ಇದೋ ನುಣ್ಣಗಿತ್ತು... ಜೋಪಾನವಾಗಿ ಇಟ್ಟುಕೊಂಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಥೂ, ಎಂಥ ಜೋಪಾನ!

ಹೀಗಿರುವಾಗ ನೀವು ಬಂದು ಕೇಳಿದಿರಿ. ವಿಷಯ ಗೌಡರ ಕಿವಿಗೆ ಬಿದ್ದರೆ, ಜಾಗ ಬೇಡ ಎಂದು ಬಂದು ಕೂತರೆ... ಬಾಯಿಗೆ ಬಂದದ್ದು ಇಷ್ಟು: "ಇಲ್ಲ ಕಣ್ರಮ್ಮಾ, ಅಂಥೋರು ಯಾರೂ ಇಲ್ಲಿ ಇರ್ಲೇ ಇಲ್ಲ."

ಇರಲೇ ಇಲ್ಲ! ನಮ್ಮಪ್ಪನ ಬಾಯಿಗೆ ನೀರು ಬಿಟ್ಟವರು — ಇರಲೇ ಇಲ್ಲ.

ನನ್ನ ಮಾತನ್ನು ಹುಡುಗಿ ನಿಮಗೆ ತಿಳಿಸಿದಳು. ಏಳುವಾಗ ನಿಮ್ಮ ಚಪ್ಪಲಿಯ ಬಾರು ಕಿತ್ತುಹೋಯಿತು. ಇಸಿದುಕೊಂಡು ಹೊಲಿದೆ, ಆ ಕಲ್ಲಿನ ಮೇಲೇ ಇಟ್ಟು ಮೊಳೆ ಹೊಡೆದೆ. ನೀವು ಹೊಲಿಗೆಯನ್ನು ಬೆರಳಿನಲ್ಲಿ ಎಳೆದೆಳೆದು ನೋಡಿದಿರಿ — ಅಪ್ಪನ ಮಗಳೇ! — ಆಮೇಲೆ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮೊನ್ನೆ ಗೌಡರ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. "ಯೋಳ್ಬಾರ್ದಿತ್ತಾ ಸಾಬ್ರೇ? ನಾನೇನ್ ಬ್ಯಾಡ ಅಂತಿದ್ನಾ? ಆ ಮರದ್ ಬುಡದಾಗೆ ಅವರ್ಗೂ ಒಂದ್ ಮೂಲೆ ಬುಡ್ತಿದ್ದೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಕಲ್ಲು ಈಗ ಬೇವಿನ ಮರದಡಿ ಮತ್ತೆ ನಿಂತಿದೆ. ಹೆಸರಿನ ಒಂದಕ್ಷರವೂ ಮಾಸಿಲ್ಲ. ಬೆನ್ನ ತುಂಬ ಮಾತ್ರ ನನ್ನ ಸುತ್ತಿಗೆಯ ಗುರುತು. ಅದರಲ್ಲಿ ನಿಮ್ಮ ಚಪ್ಪಲಿಗೆ ಹೊಡೆದ ಏಟು ಯಾವುದೆಂದು ತಡವಿ ಹುಡುಕಿದೆ, ತಿಳಿಯಲಿಲ್ಲ. ಈ ಸಲದ ಶಬ್-ಎ-ಬರಾತಿಗೆ ಸುತ್ತ ಸುಣ್ಣ ಬಳಿದೆ. ಬೆನ್ನಿಗೆ ಬಳಿಯಲಿಲ್ಲ, ಮುಂದೆಯೂ ಬಳಿಯುವುದಿಲ್ಲ. ನೀವು ಬಂದರೆ ಮೊದಲು ಅವರ ಹೆಸರು ತೋರಿಸುತ್ತೇನೆ. ಆಮೇಲೆ ಕಲ್ಲಿನ ಹಿಂದಕ್ಕೆ ಕರೆದುಕೊಂಡು ಹೋಗಿ, ನಾನು ಮಾಡಿದ್ದನ್ನು ತೋರಿಸುತ್ತೇನೆ.