ಬಿಚ್ಚದ ಕಟ್ಟುಗಳು

ಮುಳಗುಂದದ ಹಾದಿಯಲ್ಲಿರುವ ನಮ್ಮ ಶಾಲೆಯ ಹೆಡ್‌ಮಾಸ್ತರ ಅಂದಪ್ಪನವರ ಕಪಾಟಿನಲ್ಲಿ, ಹತ್ತು ಹತ್ತು ಕಡ್ಡಿ ಸೇರಿಸಿ ರಬ್ಬರ್ ಹಾಕಿದ ಐವತ್ತು ಕಟ್ಟುಗಳಿವೆ. ಕಟ್ಟು ಅಂದರೆ ಹತ್ತು, ಬಿಚ್ಚಿದರೆ ಬಿಡಿ. ಮಕ್ಕಳಿಗೆ ಕೂಡುವ, ಕಳೆಯುವ ಲೆಕ್ಕ ಕಲಿಸಲೆಂದೇ ಬಂದವು. ಬಿಚ್ಚುವ ಮಾತೆತ್ತಿದರೆ ಮಾತ್ರ ಈ ಮನುಷ್ಯ ಜೀವ ಕೇಳಿದಂತೆ ನೋಡುತ್ತಾರೆ. "ದೂರದಿಂದ ತೋರಸ್ರಿ ಅಕ್ಕೋರ, ಮುಟ್ಟಾಕ ಕೊಡಬ್ಯಾಡ್ರಿ." ಕೀಲಿಯಂತೂ ಕೊರಳಿನ ಶಿವದಾರದಲ್ಲೇ. ಬೆಳಿಗ್ಗೆ ಒಂದು ಎಣಿಕೆ, ಸಂಜೆ ಒಂದು ಎಣಿಕೆ. ದಸರೆಗೆ ಕಟ್ಟುಗಳಿಗೆ ಕುಂಕುಮ, ಊದಿನಕಡ್ಡಿ. ಇತ್ತ ನನ್ನ ಎರಡನೇ ತರಗತಿಯ ಶಾಂಭವಿ, ಎರಡರಲ್ಲಿ ಎಂಟು ಹೋಗದೆಂದು ಎಂಟರಲ್ಲೇ ಎರಡು ಕಳೆದು, ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ ಇಪ್ಪತ್ತಾರು ಎಂದು ಬರೆಯುತ್ತಾಳೆ. ಕಟ್ಟು ಬಿಚ್ಚುವುದನ್ನೇ ಕಾಣದ ಮಗುವಿಗೆ ಹತ್ತು ಬಿಡಿ ಎಲ್ಲಿಂದ ಬರಬೇಕು? ನಿನ್ನೆ ತಡೆಯಲಾರದೆ ಕೀಲಿ ಕೇಳಿಯೇ ಬಿಟ್ಟೆ. ಅವರು ಕಪಾಟು ತೆರೆದು, ಬಾಗಿಲ ಒಳಬದಿಗೆ ಅಂಟಿಸಿದ್ದ, ಇಲಾಖೆಯಿಂದ ಬಂದ ಹಳದಿಗಟ್ಟಿದ ನೋಟಿಸು ತೋರಿಸಿದರು: 'ಎರಡು ಕಡ್ಡಿ ಕಡಿಮೆ ಇವೆ. ಸಮಜಾಯಿಷಿ ನೀಡಿ.' "ಆ ವರ್ಷ ಕಟ್ಟು ಬಿಚ್ಚಿಸೇ ಕಲಿಸಿದ್ನಿ. ವರ್ಗದಾಗ ಎಲ್ಲಾರಿಗೂ ಕಳಿಯೋ ಲೆಕ್ಕ ಬಂದಿತ್ತು," ಎಂದರು. "ಅದನ್ನ ಯಾರೂ ಎಣಿಸಲಿಲ್ರಿ ಅಕ್ಕೋರ."