ನಾರಾಯಣಪ್ಪನವರ ದವಡೆಯಲ್ಲಿ ಹತ್ತು ಮಿಲಿಮೀಟರ್

ಗೆಳೆಯರೇ, ಇವತ್ತು ರಾಬರ್ಟ್‌ಸನ್‌ಪೇಟೆಯ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ, ಹಿಂದೆ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ನಾರಾಯಣಪ್ಪನವರು ಭೂಮಿಯೊಳಗೆ ಇಳಿಯುವವರಂತೆ ಕಣ್ಣು ಮುಚ್ಚಿ ಒರಗಿದ್ದರು. ಎಂದೋ ಮುಚ್ಚಿದ ಗಣಿಯ ಸೈರನ್ ಎಲ್ಲೋ ಕನಸಿನಲ್ಲಿ ಕೂಗಿದಂತಿತ್ತು. ಕೃತಕ ಹಲ್ಲು ನೆಡಲು ದವಡೆಯ ಮೂಳೆ ಕೊರೆಯಬೇಕು. ದಾರಿ ತಪ್ಪದಿರಲೆಂದು, ತೂತಿರುವ ಪ್ಲಾಸ್ಟಿಕ್ ಅಚ್ಚನ್ನು ಹಲ್ಲುಗಳ ಮೇಲೆ ಕೂರಿಸಿದೆ. ಅವರು ಕೈಯೆತ್ತಿ ತಡೆದರು. ಅಚ್ಚು ತೆಗೆದೆ.

"ಅಲ್ಲಾಡ್ತದೆ ಸಾ. ಮೇಲೆ ಕೂದ್ಲೆಳೆ ತಪ್ಪಿದ್ರೆ ತಳದಾಗೆ ಗೇಣು ಆಚೆ ಓಗ್ತದೆ."

"ಅಳತೆ ತೆಗೆದೇ ಮಾಡಿಸಿದ್ದು," ಎಂದು ರೇಗಿದೆ.

ನೋಡಿದರೆ ಅಚ್ಚಿನೊಳಗೆ, ಅದನ್ನು ಮಾಡುವಾಗ ಅಂಟಿಕೊಂಡಿದ್ದ ಗಸಗಸೆಯಷ್ಟು ಪ್ಲಾಸ್ಟರ್ ಚೂರು. ಕೊರೆಯುವ ಜಾಗದ ಕೆಳಗೇ ತುಟಿಯ ನರ. ತಗುಲಿದ್ದರೆ ತುಟಿ ಮರಗಟ್ಟಿಯೇ ಇರುತ್ತಿತ್ತು. ಬೆವರಿಬಿಟ್ಟೆ. ಚೂರು ಕೆರೆದು, ಅಚ್ಚನ್ನು ಮತ್ತೆ ಕೂರಿಸಿ ಕೊರೆದೆ.

ಮುಗಿದ ಮೇಲೆ ಅವರು ನಿದ್ದೆಗಣ್ಣಲ್ಲೇ ಕೇಳಿದರು, "ಎಷ್ಟಾಳ ಇಳಿದ್ವಿ ಸಾ?"

"ಹತ್ತು ಮಿಲಿಮೀಟರ್."

"ಅಷ್ಟಕ್ಕೇ ಇಷ್ಟು ಬೆವ್ರಾ?"